ಇಂಗ್ಲಿಷಿನಲ್ಲಿ ‘ಎಂದೆಂದಿಗೂ’

ನಮ್ಮ ಮನೆಗಳಲ್ಲಿ ಕನ್ನಡದೊಡನೆ ಇಂಗ್ಲಿಷಿನಲ್ಲಿಯೂ ಪ್ರೀತಿಯ ಮಾತುಗಳು ಓಡಾಡುತ್ತಿವೆ. ಊರು ಬಿಟ್ಟು ಹೋದ ಮಕ್ಕಳಿಗೆ ತಾಯಿ, ಪತ್ನಿಗೆ ಪತಿ, ಗೆಳತಿಗೆ ಗೆಳತಿ ಆ ನುಡಿಯಲ್ಲಿ ನಾಲ್ಕು ಸಾಲು ಬರೆಯುವುದುಂಟು. ನಮ್ಮ ‘ಎಂದೆಂದಿಗೂ’ ಎಂಬ ಮಾತಿಗೆ ಅಲ್ಲಿ ಆಲ್ವೇಸ್, ಫಾರೆವರ್, ಎವರ್, ಇಟರ್ನಲ್ ಎಂಬ ಹಲವು ಪದಗಳಿವೆ. ಇವುಗಳ ಭೇದವನ್ನರಿಯದಿದ್ದರೆ ಪ್ರೀತಿಯ ಮಾತೇ ಆಕ್ಷೇಪಣೆಯಾಗಿ ಕೇಳಿಸೀತು!

‘ಆಲ್ವೇಸ್’ ಎಂಬುದಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ದಾರಿಯುದ್ದಕ್ಕೂ’ ಎಂಬ ಮೂಲಾರ್ಥವಿದ್ದಿತು. ‘ಐ ಹ್ಯಾವ್ ಆಲ್ವೇಸ್ ಲವ್ಡ್ ಯೂ’ ಎಂದರೆ ಇಂದಿನವರೆಗೆ ನಡೆದುಬಂದ ಪ್ರೀತಿ. ‘ಐ ಶಲ್ ಆಲ್ವೇಸ್ ಲವ್ ಯೂ’ ಎಂದರೆ ಮುಂದಿನ ಭರವಸೆ. ‘ಫಾರೆವರ್’ ಸಾಮಾನ್ಯವಾಗಿ ಮುಂಗಾಲವನ್ನೇ ನೋಡುವ ಪದ.

ಎಚ್ಚರವಿರಬೇಕಾದುದು ಇಲ್ಲಿ. ತಾಯಿಯ ಅಕ್ಕರೆಯನ್ನು ಹೊಗಳಬೇಕೆಂದು ಮಗನು ‘ಮದರ್ ಈಸ್ ಫಾರೆವರ್ ಕಾಲಿಂಗ್ ಮಿ’ ಎಂದು ಬರೆದನೆನ್ನಿ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು ‘ಯಾವಾಗ ನೋಡಿದರೂ ಅಮ್ಮನ ಫೋನು’ ಎಂಬ ಬೇಸರವಾಗಿ ಬೀಳುತ್ತದೆ. ನಡೆಯುತ್ತಿರುವ ಕೆಲಸವನ್ನು ಹೇಳುವ ‘ಇಂಗ್’ ರೂಪದೊಡನೆ ಈ ಪದ ಸೇರಿದರೆ ಬಹುಮಟ್ಟಿಗೆ ದೂರಿನ ಧ್ವನಿಯೇ ಹೊರಡುತ್ತದೆ. ‘ಮದರ್ ಆಲ್ವೇಸ್ ರಿಮೆಂಬರ್ಸ್ ಮಿ’ ಎಂದರೆ ಅವನ ಮನಸ್ಸು ನೇರವಾಗಿ ತಿಳಿಯುವುದು.

ಶಾಶ್ವತವೆಂಬ ಅರ್ಥದಲ್ಲಿ ‘ಫಾರ್ ಎವರ್’ ಎಂದು ಬಿಡಿಸಿ ಬರೆಯುವುದು ಇಂಗ್ಲೆಂಡಿನ ಹಳೆಯ ರೂಢಿ. ಕೂಡಿಸಿ ಬರೆದರೂ ಇಂದು ತಪ್ಪಲ್ಲ. ಪತ್ರದ ಕೊನೆಯಲ್ಲಿ ‘ಯುವರ್ಸ್ ಎವರ್’ ಎಂಬುದು ಆಪ್ತರಿಗೆ ಸಲ್ಲುವ ಒಕ್ಕಣೆ. ಕಚೇರಿಯ ಅಧಿಕಾರಿಗೆ ಸಲ್ಲದು. ‘ಇಟರ್ನಲ್’ ಭಾರವಾದ ಪದ. ದೇವರು, ಆತ್ಮ ಮೊದಲಾದವುಗಳ ವಿಷಯದಲ್ಲಿ ಅದಕ್ಕೆ ಗೌರವವುಂಟು. ದಿನನಿತ್ಯದ ಓಲೆಯಲ್ಲಿ ಅದು ನಾಟಕದ ಮಾತಿನಂತೆ ತೋರುತ್ತದೆ.

ಇನ್ನೊಂದು ಸಂಗತಿ ವಿಚಾರಾರ್ಹವಾಗಿದೆ. 1549ರಲ್ಲಿ ಇಂಗ್ಲೆಂಡಿನ ಚರ್ಚು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಪ್ರಾರ್ಥನಾಗ್ರಂಥದ ವಿವಾಹಪ್ರತಿಜ್ಞೆಯಲ್ಲಿ ವಧೂವರರು ಅನಂತಕಾಲದ ಮಾತಾಡುವುದಿಲ್ಲ. ಮರಣವು ತಮ್ಮನ್ನು ಅಗಲಿಸುವವರೆಗೆ ಎಂದಷ್ಟೇ ನುಡಿಯುತ್ತಾರೆ. ಮನುಷ್ಯನು ನಡೆಸಿಕೊಡಬಲ್ಲ ಅವಧಿ ಅಷ್ಟೇ ಅಲ್ಲವೆ? ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ದೊಡ್ಡ ಪದವನ್ನು ಹುಡುಕುವ ಮೊದಲು ನಿಜವಾದ ಪದವನ್ನು ಹುಡುಕೋಣ. ಉಳಿಸಿಕೊಳ್ಳಬಲ್ಲ ಸಣ್ಣ ಮಾತೇ ಪ್ರೀತಿಗೆ ಭೂಷಣ.