ಆರು ಸೆಕೆಂಡಿನ ಕಾಳಗಕ್ಕೆ ಕಾಲು ಗಂಟೆಯ ಕಾಯುವಿಕೆ!

ಮೇಜಿನ ಸುತ್ತ ಆರು ಜನ. ಮಧ್ಯದಲ್ಲಿ ದಾಳ, ಪೆನ್ಸಿಲ್, ಹಾಳೆ. ಕಥೆಯಲ್ಲಿ ಗುಹೆಯ ಬಾಯಿಗೆ ರಾಕ್ಷಸನೊಬ್ಬ ಅಡ್ಡ ನಿಂತಿದ್ದಾನೆ. ಒಬ್ಬಾತ ದಾಳ ಉರುಳಿಸಿ ಕತ್ತಿ ಬೀಸಿದ. ಏಟು ತಪ್ಪಿತು. ಮತ್ತೆ ಅವನ ಸರದಿ ಬರಬೇಕಾದರೆ ಕಾಲು ಗಂಟೆ ಬೇಕು. ಅಲ್ಲಿಯ ತನಕ ಏನು ಮಾಡುವುದು? ಜೇಬಿನಿಂದ ಮೊಬೈಲ್ ಹೊರಗೆ ಬರುತ್ತದೆ. ಆಟ ಅಲ್ಲಿಗೆ ಅರ್ಧ ಸತ್ತಂತೆಯೇ.

ಮೇಜಿನ ಮೇಲೆ ಆಡುವ ಪಾತ್ರಾಭಿನಯದ ಆಟಗಳಲ್ಲಿ ಇದು ಹಳೆಯ ತಲೆನೋವು. ಈ ಬಗೆಯ ಆಟಗಳಿಗೆಲ್ಲ ಮೂಲ ಎನ್ನಬಹುದಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ನಿಯಮ ಬರೆಯುವವರು ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದ್ದಾರೆ: ಕಾಳಗ ಎಷ್ಟು ಬೇಗ ಮುಗಿಯಬೇಕು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ನಿರ್ವಾಹಕ ಕಥೆ ಹೇಳುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ, ಪುರೋಹಿತ ಹೀಗೆ ಒಂದೊಂದು ಪಾತ್ರ ವಹಿಸುತ್ತಾರೆ. ‘ನಾನು ಬಾಗಿಲು ಒಡೆಯುತ್ತೇನೆ’ ಎಂದು ಒಬ್ಬ ಹೇಳಿದರೆ, ಒಡೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪಗಡೆ, ಚೌಕಾಬಾರ ಆಡಿದವರಿಗೆ ದಾಳದ ಚಪಲ ಹೊಸದೇನಲ್ಲ. ಆದರೆ ಇಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ. ಕಥೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುತ್ತದೆ.

ಹಡಗಿನಿಂದ ಬಂದ ಲೆಕ್ಕ

ಈ ಆಟ ಹುಟ್ಟಿದ್ದು ಯುದ್ಧದ ಆಟಗಳಿಂದ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆ ಸೇರಿ 1971ರಲ್ಲಿ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕ ತಂದರು. ಮಧ್ಯಯುಗದ ಸೈನ್ಯಗಳ ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಆಟ ಅದು. ಅಲ್ಲಿ ಸಾಮಾನ್ಯ ಸೈನಿಕನಿಗೆ ಏಟು ಬಿತ್ತೆಂದರೆ ಕಥೆ ಮುಗಿಯಿತು.

ಮಿನ್ನೆಸೋಟಾದ ಡೇವ್ ಆರ್ನೆಸನ್ ಅದೇ ಕಾಲಕ್ಕೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಸ್ನೇಹಿತರನ್ನು ಆಡಿಸುತ್ತಿದ್ದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಪಾತ್ರ. ಒಂದೇ ಏಟಿಗೆ ಅದು ಸತ್ತರೆ ಆಡುವವನ ಮುಖ ಬಾಡುವುದಿಲ್ಲವೇ? ಅಮೆರಿಕದ ಅಂತರ್ಯುದ್ಧ ಕಾಲದ ಕಬ್ಬಿಣದ ಹಡಗುಗಳ ಬಗ್ಗೆ ತಾವು ಮೊದಲೇ ಮಾಡಿದ್ದ ಆಟದ ನಿಯಮದಿಂದ ‘ಹಿಟ್ ಪಾಯಿಂಟ್’, ಅಂದರೆ ಜೀವದ ಅಂಕವನ್ನು ತಂದುಕೊಂಡೆ ಎಂದು ಆರ್ನೆಸನ್ ಹೇಳಿಕೊಂಡಿದ್ದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ. ಏಟು ಬಿದ್ದಷ್ಟೂ ಅಂಕ ಇಳಿಯುತ್ತದೆ, ಸೊನ್ನೆಗೆ ಬಂದಾಗ ಮುಳುಗುತ್ತದೆ. ಹಡಗಿನ ಈ ಲೆಕ್ಕ ಮನುಷ್ಯನಿಗೆ ಬಂತು. ಪಾತ್ರಗಳ ಆಯುಷ್ಯ ಬೆಳೆಯಿತು, ಕಾಳಗದ ಉದ್ದವೂ ಬೆಳೆಯಿತು!

ಆದರೂ 1974ರ ಮೊದಲ ಪುಸ್ತಕದಲ್ಲಿ ಕಾಳಗ ಚುರುಕಾಗಿಯೇ ಇತ್ತು. ಯಾವ ಆಯುಧವಾದರೂ ಏಟಿಗೆ ಆರು ಮುಖದ ಒಂದು ದಾಳ. ಹೊಸ ಮಾಂತ್ರಿಕನ ಜೀವವೂ ಅಂಥದ್ದೇ ಒಂದು ದಾಳ. ಒಂದೆರಡು ಏಟಿಗೆ ಫಲಿತಾಂಶ ಹೊರಬೀಳುತ್ತಿತ್ತು.

ನಿಮಿಷವೋ, ಆರು ಸೆಕೆಂಡೋ?

ಕಾಳಗ ಸುತ್ತುಗಳಲ್ಲಿ ನಡೆಯುತ್ತದೆ. ಒಂದು ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಸರದಿ. ಕಥೆಯೊಳಗೆ ಆ ಸುತ್ತು ಎಷ್ಟು ಹೊತ್ತು? 1970ರ ದಶಕದ ಕೊನೆಯಲ್ಲಿ ಬಂದ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಒಂದು ನಿಮಿಷ. ಒಂದು ನಿಮಿಷದಲ್ಲಿ ಒಂದೇ ಏಟೇ ಎಂದು ಯಾರಾದರೂ ಕೇಳಿಯಾರು. ಆ ನಿಮಿಷದಲ್ಲಿ ಹುಸಿ ಏಟು, ತಡೆ, ಹಿಂದೆ ಸರಿಯುವುದು ಎಲ್ಲವೂ ಇರುತ್ತದೆ, ದಾಳ ಉರುಳುವುದು ನಿಜವಾದ ಅವಕಾಶ ಸಿಕ್ಕಾಗ ಮಾತ್ರ ಎಂಬುದು ಗೈಗ್ಯಾಕ್ಸ್ ಕೊಟ್ಟ ವಿವರಣೆ. 1981ರ ‘ಬೇಸಿಕ್’ ಆವೃತ್ತಿಯಲ್ಲಿ ಸುತ್ತಿಗೆ ಹತ್ತು ಸೆಕೆಂಡು. 2000ದ ಮೂರನೇ ಆವೃತ್ತಿಯಲ್ಲಿ ಆರು ಸೆಕೆಂಡು.

ತಮಾಷೆ ಇರುವುದೇ ಇಲ್ಲಿ. ಕಥೆಯೊಳಗಿನ ಗಡಿಯಾರ ಚುರುಕಾದಂತೆ ಗೋಡೆಯ ಮೇಲಿನ ಗಡಿಯಾರ ನಿಧಾನವಾಯಿತು. ಆರು ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಇಟ್ಟ, ಯಾವ ಚೌಕದಲ್ಲಿ ನಿಂತ, ಶತ್ರುವಿನ ಪಕ್ಕದಿಂದ ಜಾರುವಾಗ ಅವನಿಗೆ ಬಿಟ್ಟಿ ಏಟು ಸಿಕ್ಕಿತೇ ಎಂದೆಲ್ಲ ಲೆಕ್ಕ ಇಡಬೇಕಾಯಿತು.

ಲೆಕ್ಕ ಹಾಕಿ ನೋಡೋಣ

ಐವರು ಆಟಗಾರರು, ಒಬ್ಬ ನಿರ್ವಾಹಕ ಎಂದಿಟ್ಟುಕೊಳ್ಳಿ. ತಲೆಗೆ ಮೂರು ನಿಮಿಷವಾದರೆ ಒಂದು ಸುತ್ತಿಗೆ 18 ನಿಮಿಷ. ತನ್ನ ಸರದಿ ಮುಗಿಸಿದವನು 15 ನಿಮಿಷ ಕಾಯಬೇಕು.

ಇನ್ನು ರಾಕ್ಷಸನಿಗೆ 80 ಅಂಕದ ಜೀವವಿದೆ ಎನ್ನಿ. ಬೀಸಿದ ಎರಡರಲ್ಲಿ ಒಂದು ಏಟು ತಾಗುತ್ತದೆ, ತಾಗಿದ್ದು ಸರಾಸರಿ 8 ಅಂಕ ಕಳೆಯುತ್ತದೆ. ಅಂದರೆ ಪ್ರತಿ ಪ್ರಯತ್ನದ ಬೆಲೆ 4 ಅಂಕ. ಅವನು ಬೀಳಲು 20 ಪ್ರಯತ್ನ, ಐವರಿಗೆ ನಾಲ್ಕು ಸುತ್ತು. ಮೇಜಿನ ಮೇಲೆ 72 ನಿಮಿಷ, ಕಥೆಯೊಳಗೆ ಬರೀ 24 ಸೆಕೆಂಡು!

ಈ ಲೆಕ್ಕದಲ್ಲೇ ಪರಿಹಾರವೂ ಇದೆ. ತಲೆಗೆ ಹಿಡಿಯುವ ನಿಮಿಷ ಕಡಿಮೆ ಮಾಡಬಹುದು, ಇಲ್ಲವೇ ಸುತ್ತುಗಳನ್ನೇ ಕಡಿಮೆ ಮಾಡಬಹುದು. ರಾಕ್ಷಸನ ಜೀವ 40ಕ್ಕೆ ಇಳಿದರೆ 36 ನಿಮಿಷದಲ್ಲಿ ಮುಗಿಯುತ್ತದೆ. ಜೀವ 80 ಇದ್ದೂ ತಲೆಗೆ ಒಂದೂವರೆ ನಿಮಿಷವಾದರೆ ಅದೇ 36 ನಿಮಿಷ. ಎರಡನ್ನೂ ಮಾಡಿದರೆ 18.

2008ರ ನಾಲ್ಕನೇ ಆವೃತ್ತಿ ಈ ವಿಷಯದಲ್ಲಿ ಹೆಚ್ಚು ಟೀಕೆಗೆ ಗುರಿಯಾಯಿತು. ಪ್ರತಿ ಪಾತ್ರಕ್ಕೂ ಹತ್ತಾರು ಪಟ್ಟುಗಳು, ರಾಕ್ಷಸರಿಗೆ ಕೈತುಂಬ ಜೀವ. ಒಂದೊಂದು ಕಾಳಗಕ್ಕೂ ಗಂಟೆ ದಾಟುತ್ತದೆ ಎಂಬ ದೂರು ಸಾಮಾನ್ಯವಾಯಿತು. ಒಂದೇ ಅಂಕದ ಜೀವವಿರುವ ‘ಮಿನಿಯನ್’ ಎಂಬ ಪುಡಿ ಸೈನಿಕರನ್ನು ತಂದದ್ದೂ ಅದೇ ಆವೃತ್ತಿ ಎಂಬುದನ್ನು ಮರೆಯಬಾರದು. 2010ರಲ್ಲಿ ರಾಕ್ಷಸರ ಏಟಿನ ಬಲ ಹೆಚ್ಚಿಸಲಾಯಿತು. 2014ರ ಐದನೇ ಆವೃತ್ತಿ ಚೌಕದ ಹಲಗೆಯನ್ನೇ ಐಚ್ಛಿಕವಾಗಿಸಿ, ರಾಕ್ಷಸರ ಏಟಿಗೆ ಸರಾಸರಿ ಅಂಕವನ್ನು ಪುಸ್ತಕದಲ್ಲೇ ಮುದ್ರಿಸಿತು. ನಿರ್ವಾಹಕ ಬೇಕಿದ್ದರೆ ದಾಳ ಹಾಕದೆ ಮುಂದೆ ಸಾಗಬಹುದು.

ಹಳೆಯ ಮದ್ದು, ಹೊಸ ಮದ್ದು

ಬಹುಶಃ ಎಲ್ಲಕ್ಕಿಂತ ಸರಳ ಮದ್ದು 1981ರ ಪುಸ್ತಕದಲ್ಲೇ ಇತ್ತು. ಅದೇ ಧೈರ್ಯದ ಪರೀಕ್ಷೆ. ಗುಂಪಿನಲ್ಲಿ ಮೊದಲ ಸಾವಾದಾಗ, ಅರ್ಧದಷ್ಟು ಮಂದಿ ಬಿದ್ದಾಗ ನಿರ್ವಾಹಕ ಎರಡು ದಾಳ ಹಾಕುತ್ತಾನೆ. ಮೊತ್ತ ಅವರ ಧೈರ್ಯದ ಅಂಕ ಮೀರಿದರೆ ಶತ್ರುಗಳು ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. ಕೊನೆಯವನು ಸಾಯುವ ತನಕ ಯಾರು ತಾನೇ ನಿಂತು ಹೊಡೆದಾಡುತ್ತಾರೆ? ಸೋತದ್ದು ಖಚಿತವಾದ ಮೇಲೂ ಎಳೆಯುವ ಕೊನೆಯ ಸುತ್ತುಗಳು ಇದರಿಂದ ಉಳಿಯುತ್ತವೆ.

ಅದೇ ಪುಸ್ತಕದಲ್ಲಿ ಸರದಿಗೆ ಪಕ್ಷಕ್ಕೊಂದು ದಾಳ ಸಾಕಿತ್ತು. ಗೆದ್ದ ಪಕ್ಷ ಪೂರ್ತಿ ಮೊದಲು ಆಡುತ್ತದೆ. ಎಲ್ಲರೂ ಒಟ್ಟಿಗೆ ಯೋಚಿಸುವುದರಿಂದ ಸುಮ್ಮನೆ ಕೂರುವ ಹೊತ್ತು ಕಡಿಮೆ.

2013ರ ‘ಥರ್ಟೀನ್ತ್ ಏಜ್’ ಇನ್ನೊಂದು ದಾರಿ ಹಿಡಿಯಿತು. ಎರಡನೇ ಸುತ್ತಿಗೆ ಮೇಜಿನ ಮಧ್ಯೆ ದಾಳವೊಂದನ್ನು 1 ಕಾಣುವಂತೆ ಇಡುತ್ತಾರೆ. ಸುತ್ತಿಗೊಂದರಂತೆ ಅದು 6ರ ತನಕ ಏರುತ್ತದೆ, ಅಷ್ಟೂ ಅಂಕ ನಾಯಕರ ಗುರಿಗೆ ಕೂಡುತ್ತದೆ. ಕಾಳಗ ಉದ್ದವಾದಷ್ಟೂ ಏಟು ತಪ್ಪುವುದು ಕಡಿಮೆ. 2014ರ ‘ಇನ್‌ಟು ದಿ ಆಡ್’ ಅಂತೂ ತಾಗಿತೇ ಇಲ್ಲವೇ ಎಂಬ ದಾಳವನ್ನೇ ತೆಗೆದುಹಾಕಿತು. ಬೀಸಿದರೆ ತಾಗಿದಂತೆಯೇ, ಎಷ್ಟು ಎಂಬುದಷ್ಟೇ ಪ್ರಶ್ನೆ.

ಪುಸ್ತಕ ಬದಲಿಸದೆಯೂ ಮಾಡಬಹುದಾದದ್ದಿದೆ. ತಾಗುವ ದಾಳ, ಏಟಿನ ದಾಳ ಎರಡನ್ನೂ ಒಟ್ಟಿಗೇ ಉರುಳಿಸುವುದು. ‘ಈಗ ನೀನು, ನಿನ್ನ ನಂತರ ಇವನು’ ಎಂದು ಮೊದಲೇ ಎಚ್ಚರಿಸುವುದು. ಮಂತ್ರದ ವಿವರವನ್ನು ಸರದಿ ಬರುವ ಮುಂಚೆಯೇ ಓದಿಕೊಳ್ಳುವುದು.

ಬೇಗ ಮುಗಿದರೆ ಸಾಕೇ?

ಸಾಲದು. ಬೇಗ ಮುಗಿಯುವ ಕಾಳಗದಲ್ಲಿ ಪಾತ್ರಗಳೂ ಬೇಗ ಸಾಯುತ್ತವೆ. ಒಂದು ವರ್ಷ ಬೆಳೆಸಿದ ಪಾತ್ರ ಒಂದು ಕೆಟ್ಟ ದಾಳಕ್ಕೆ ಹೋದರೆ ಆಡಿದವನಿಗೆ ನೋವಾಗದೇ ಇರದು. ಆರ್ನೆಸನ್ ಹಡಗಿನ ಲೆಕ್ಕ ತಂದದ್ದೂ ಇದಕ್ಕಾಗಿಯೇ ಅಲ್ಲವೇ? ನಿಧಾನದಲ್ಲಿ ಯೋಚನೆಗೆ ಜಾಗವಿದೆ. 1978ರ ‘ರೂನ್‌ಕ್ವೆಸ್ಟ್’ ಆಟದಲ್ಲಿ ಏಟು ಹಾಕಿದ ಮೇಲೆ ಎದುರಾಳಿ ತಡೆಯಬಹುದು, ತಾಗಿದ್ದು ಕೈಗೋ ಕಾಲಿಗೋ ತಲೆಗೋ ಎಂದೂ ನೋಡಬೇಕು. ಕೆಲಸ ಹೆಚ್ಚು, ಆದರೆ ಕಾಲಿಗೆ ಬಿದ್ದ ಒಂದೇ ಏಟು ಯೋಧನನ್ನು ನೆಲಕ್ಕೆ ಕೆಡವಿ ಕಾಳಗದ ದಿಕ್ಕನ್ನೇ ತಿರುಗಿಸಬಲ್ಲದು.

ಯಕ್ಷಗಾನದ ಯುದ್ಧವನ್ನು ಬೆಳಗಿನ ಜಾವದ ತನಕ ಕೂತು ನೋಡಿದವರಿಗೆ ಇದು ಗೊತ್ತು. ಉದ್ದವಾದದ್ದೆಲ್ಲ ಬೇಸರವಲ್ಲ, ಏನೂ ಬದಲಾಗದೆ ಉದ್ದವಾದದ್ದು ಬೇಸರ. ‘ತಾಗಲಿಲ್ಲ, ಮುಂದಿನವರು’ ಎಂಬ ಮಾತು ಹತ್ತು ಸಲ ಬಂದರೆ ಹತ್ತು ನಿಮಿಷವೂ ಭಾರ.

ದುಡಿಯುವ ಜನ ತಿಂಗಳಿಗೊಮ್ಮೆ ಮೂರು ಗಂಟೆ ಬಿಡುವು ಮಾಡಿಕೊಂಡು ಬರುತ್ತಾರೆ. ಅದರಲ್ಲಿ ಎರಡು ಗಂಟೆ ದಾರಿಯಲ್ಲಿ ಸಿಕ್ಕ ಪುಡಿಗಳ್ಳರ ಪಾಲಾದರೆ ಕಥೆ ನಿಂತಲ್ಲೇ ನಿಲ್ಲುತ್ತದೆ. ಮೊದಲು ಬೇಸರ, ಆಮೇಲೆ ಗೈರುಹಾಜರಿ, ಕೊನೆಗೆ ಗುಂಪೇ ಚದುರುತ್ತದೆ. ಆದ್ದರಿಂದ ಪುಡಿಗಳ್ಳರಿಗೆ ಹತ್ತು ನಿಮಿಷ, ಕೊನೆಯ ರಾಕ್ಷಸನಿಗೆ ಒಂದು ಗಂಟೆ ಎಂದು ಹೊತ್ತನ್ನು ಹಂಚಿಕೊಳ್ಳುವ ನಿರ್ವಾಹಕನೇ ಜಾಣ. ತನ್ನ ಎರಡು ಸರದಿಗಳ ನಡುವೆ ಮೇಜಿನ ಮೂಲೆಯಲ್ಲಿ ಕೂತ ಸಂಕೋಚದ ಹುಡುಗನ ಕಣ್ಣು ಆಟದ ಮೇಲೆಯೇ ಇದ್ದರೆ ವೇಗ ಸರಿಯಿದೆ ಎಂದರ್ಥ. ಆ ಕಣ್ಣು ಮೊಬೈಲಿಗೆ ಇಳಿಯಿತೆಂದರೆ ರಾಕ್ಷಸನನ್ನು ಓಡಿಸಿಬಿಡುವುದೇ ಲೇಸು.