ಇಟಲಿಯ ಓದು ಅಗ್ಗ ನಿಜ, ಆದರೆ ಇಟಾಲಿಯನ್ ಬಾರದಿದ್ದರೆ?

ಕಳೆದ ತಿಂಗಳು ಅರಕಲಗೂಡಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬಿಇ ಮುಗಿಸಿ ಒಂದು ವರ್ಷ ಆಗಿದೆ, ಕೆಲಸ ಸಿಕ್ಕಿಲ್ಲ. 'ಅಣ್ಣಾ, ಇಟಲೀಲಿ ಎಂಎಸ್ ಫ್ರೀಯಂತೆ. ಐಇಎಲ್‌ಟಿಎಸ್ ಬೇಡ್ವಂತೆ. ಮೇಲೆ ಅವರೇ ವರ್ಷಕ್ಕೆ ಏಳು ಸಾವಿರ ಯೂರೋ ಕೊಡ್ತಾರಂತೆ. ನಿಜಾನಾ?' ಏಜೆನ್ಸಿಯವರು ಹೇಳಿದ ಮಾತು. ಅವರ ಫೀಸಿಗೆ ಅಂತ ಚಿಕ್ಕಪ್ಪ ಈ ಸಲದ ಹೊಗೆಸೊಪ್ಪಿನ ದುಡ್ಡು ಎತ್ತಿಟ್ಟಿದ್ದಾರೆ. ಸಾಲದೇ ಹೋದರೆ ಜಮೀನಿನ ಮೇಲೆ ಸಾಲ.

ಇದು ಒಂದು ಮನೆಯ ಕತೆ ಅಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲೂ, ಹೊಳೆನರಸೀಪುರದ ಗದ್ದೆ ಮನೆಯಲ್ಲೂ, ಹಾಸನದ ಆಲೂಗಡ್ಡೆ ಬೆಳೆಯುವ ಮನೆಯಲ್ಲೂ ಇಂಥದ್ದೇ ಲೆಕ್ಕ ನಡೆಯಬಹುದು. ಹಾಗಾಗಿ ಆ ಮೂರು 'ಅಂತೆ'ಗಳನ್ನ ಒಂದೊಂದಾಗಿ ಬಿಚ್ಚಿ ನೋಡೋಣ. ಅದಾದ ಮೇಲೆ, ಅವನಿಗೆ ಯಾರೂ ಹೇಳದೇ ಬಿಟ್ಟ ನಾಲ್ಕನೇ ವಿಷಯಕ್ಕೆ ಬರೋಣ.

ಮೂರು 'ಅಂತೆ'ಗಳು

ಮೊದಲನೆಯದು, ಫ್ರೀ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ನಿಗದಿಯಾಗುವುದು ಕುಟುಂಬದ ಆದಾಯ ಮತ್ತು ಆಸ್ತಿ ನೋಡಿ. ಈ ಲೆಕ್ಕಕ್ಕೆ ಐಎಸ್‌ಇಇ ಅಂತ ಹೆಸರು. ಕಡಿಮೆ ಆದಾಯದವರಿಗೆ ಫೀಸು ಬಹುತೇಕ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತದೆ. ಇದು ಯಾರೋ ಮಾಡುವ ದಾನ ಅಲ್ಲ. ಪ್ರತಿಭೆ ಇರುವವರು ಕೈಯಲ್ಲಿ ಕಾಸಿಲ್ಲದಿದ್ದರೂ ಅತ್ಯುನ್ನತ ಮಟ್ಟದವರೆಗೆ ಓದುವುದು ಹಕ್ಕು ಎಂದು ಇಟಲಿಯ ಸಂವಿಧಾನದ 34ನೇ ವಿಧಿ ಹೇಳುತ್ತದೆ. ಆದರೆ ಆ ರಿಯಾಯಿತಿ ಸಿಗಬೇಕಾದರೆ ಆದಾಯ, ಮನೆ, ಜಮೀನಿನ ದಾಖಲೆಗಳನ್ನ ಅನುವಾದ ಮಾಡಿಸಿ, ದೃಢೀಕರಿಸಿ, ಗಡುವಿನೊಳಗೆ ಕೊಡಬೇಕು.

ಎರಡನೆಯದು, ಏಳು ಸಾವಿರ ಯೂರೋ. ಇದನ್ನ ಕೊಡುವುದು ವಿಶ್ವವಿದ್ಯಾಲಯ ಅಲ್ಲ, ಅಲ್ಲಿನ ಪ್ರಾಂತ್ಯಗಳು. ಟ್ಯೂರಿನ್ ಇರುವ ಪಿಯೆಮೊಂತೆಯಲ್ಲಿ ಎಡಿಸು, ಬೊಲೊನ್ಯಾ ಇರುವ ಎಮಿಲಿಯಾ-ರೊಮಾನ್ಯಾದಲ್ಲಿ ಎರ್ಗೊ, ಹೀಗೆ ಬೇರೆ ಬೇರೆ ಸಂಸ್ಥೆಗಳಿವೆ. ಊರು ಬಿಟ್ಟು ಬಂದ, ಆದಾಯ ಕಡಿಮೆ ಇರುವ ವಿದ್ಯಾರ್ಥಿಗೆ ಸುಮಾರು 7,000 ಯೂರೋ ಸಿಗುವುದು ನಿಜ. ಆದರೆ ಅದು ಬರುವುದು ಕಂತಿನಲ್ಲಿ, ಅಲ್ಲಿಗೆ ಹೋಗಿ ತಿಂಗಳುಗಳು ಕಳೆದ ಮೇಲೆ. ಹಣ ಸಾಲದ ಪ್ರಾಂತ್ಯಗಳಲ್ಲಿ 'ಅರ್ಹರು, ಆದರೆ ಫಲಾನುಭವಿಗಳಲ್ಲ' ಅನ್ನುವ ಪಟ್ಟಿಯೇ ಇರುತ್ತದೆ. ಮೊದಲ ವರ್ಷ ಸಾಮಾನ್ಯವಾಗಿ ಆಗಸ್ಟ್ 10ರೊಳಗೆ 20 ಕ್ರೆಡಿಟ್ ಗಳಿಸಬೇಕು. ಗಳಿಸದಿದ್ದರೆ ಬಾಕಿ ಕಂತು ನಿಲ್ಲುತ್ತದೆ, ಪಡೆದ ಹಣವನ್ನೂ ವಾಪಸ್ ಕಟ್ಟಬೇಕಾಗಬಹುದು.

ಮೂರನೆಯದು, ಐಇಎಲ್‌ಟಿಎಸ್. ಕೆಲವು ವಿಶ್ವವಿದ್ಯಾಲಯಗಳು 'ಬಿಇ ಓದಿದ್ದು ಇಂಗ್ಲಿಷಿನಲ್ಲಿ' ಎಂಬ ಕಾಲೇಜಿನ ಪತ್ರ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಇಟಾಲಿಯನ್ ಮಾಧ್ಯಮದ ಕೋರ್ಸಿಗಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಇಟಾಲಿಯನ್ ಬೇಕು.

ಇಂಗ್ಲಿಷ್ ತರಗತಿ, ಇಟಾಲಿಯನ್ ಊರು

ನಾಲ್ಕನೇ ವಿಷಯ ಭಾಷೆ. ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ತರಗತಿಯಿಂದ ಹೊರಗೆ ಕಾಲಿಟ್ಟರೆ ಊರು ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಬಾಡಿಗೆ ಕರಾರು ಇಟಾಲಿಯನ್‌ನಲ್ಲಿ. ಇಳಿದ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಪೋಸ್ಟ್ ಆಫೀಸಿನಲ್ಲಿ ಹಾಕಬೇಕಾದ ಅರ್ಜಿಯೂ ಇಟಾಲಿಯನ್‌ನಲ್ಲಿ. ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆ ಕೆಲಸ ಮಾಡಲು ಅವಕಾಶ ಇದೆ. ಭಾಷೆ ಬಂದರೆ ಅಂಗಡಿಯ ಕೌಂಟರ್, ಬಾರದಿದ್ದರೆ ರಾತ್ರಿ ಸೈಕಲ್ ಮೇಲೆ ಊಟದ ಪಾರ್ಸೆಲ್.

2023ರ ನವೆಂಬರ್‌ನಲ್ಲಿ ಭಾರತ ಮತ್ತು ಇಟಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಓದು ಮುಗಿದ ಮೇಲೆ ವೃತ್ತಿ ಅನುಭವಕ್ಕಾಗಿ 12 ತಿಂಗಳವರೆಗೆ ಅಲ್ಲೇ ಉಳಿಯಬಹುದು. ಆದರೆ ಇಟಲಿಯ ಉದ್ಯಮದ ಬೆನ್ನೆಲುಬು ಸಣ್ಣ, ಮಧ್ಯಮ ಕಂಪನಿಗಳು. ಅವುಗಳ ಮೀಟಿಂಗು, ಮೇಲು, ಕ್ಯಾಂಟೀನು ಎಲ್ಲ ಇಟಾಲಿಯನ್‌ನಲ್ಲೇ. ಆ ಹನ್ನೆರಡು ತಿಂಗಳಲ್ಲಿ ಭಾಷೆ ಕಲಿಯೋಕೆ ಕೂತರೆ ಕೆಲಸ ಹುಡುಕುವುದು ಯಾವಾಗ?

ಭಾಷೆ ಅಂದರೆ ಕೆಲಸಗಾರನ ಹಕ್ಕೂ ಹೌದು. 2024ರ ಜೂನ್‌ನಲ್ಲಿ ರೋಮಿನ ದಕ್ಷಿಣಕ್ಕಿರುವ ಲಾತಿನಾ ಜಿಲ್ಲೆಯ ಹೊಲವೊಂದರಲ್ಲಿ ಸತ್ನಾಮ್ ಸಿಂಗ್ ಎಂಬ ಭಾರತೀಯ ಕೂಲಿಯ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವರನ್ನ ಆಸ್ಪತ್ರೆಗೆ ಸೇರಿಸುವ ಬದಲು ಮನೆಯ ಹತ್ತಿರ ಬಿಟ್ಟುಹೋದರು, ಅವರು ಬದುಕಲಿಲ್ಲ. ಅವರ ಕೆಲಸಕ್ಕೆ ಕಾನೂನುಬದ್ಧ ಕರಾರು ಇರಲಿಲ್ಲ. ವಿದ್ಯಾರ್ಥಿಯ ಪರಿಸ್ಥಿತಿ ಬೇರೆ, ಒಪ್ಪುತ್ತೇನೆ. ಆದರೆ ತಾನು ಸಹಿ ಹಾಕುವ ಕಾಗದವನ್ನ ಓದಲಾಗದವನು, ದೂರು ಕೊಡಲು ಬಾಯಿಲ್ಲದವನು ಎಲ್ಲಿದ್ದರೂ ಮಾಲೀಕನಿಗೆ ಅಗ್ಗ.

ಮುಳುಗಿಸುವುದು ಬೇರೆ, ಈಜು ಕಲಿಸುವುದು ಬೇರೆ

'ಅಲ್ಲಿಗೆ ಹೋದ್ರೆ ತಾನಾಗೇ ಬರುತ್ತೆ ಬಿಡಿ' ಅನ್ನುವವರಿದ್ದಾರೆ. ಬರುವುದಿಲ್ಲ. ಟ್ಯೂರಿನ್ನಿನಲ್ಲಿ ನಾಲ್ಕು ಜನ ಭಾರತೀಯರು ಒಂದು ರೂಮು ಮಾಡಿ, ಕಾಲೇಜಿನಲ್ಲಿ ಇಂಗ್ಲಿಷು, ರೂಮಿನಲ್ಲಿ ಹಿಂದಿ, ಫೋನಿನಲ್ಲಿ ಕನ್ನಡ ಮಾತಾಡಿಕೊಂಡು ಎರಡು ವರ್ಷ ಆರಾಮಾಗಿ ಕಳೆಯಬಹುದು.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಾರೆ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರುತ್ತಾರೆ. ಇಮ್ಮರ್ಶನ್ ಅಂದರೆ ಅಷ್ಟೇ. 1965ರಲ್ಲಿ ಕೆನಡಾದ ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪೂರ್ತಿ ಫ್ರೆಂಚಿನಲ್ಲೇ ಪಾಠ ಶುರುವಾಯಿತು. ಈ ವಿಧಾನದ ಆಧುನಿಕ ಚರಿತ್ರೆ ಅಲ್ಲಿಂದಲೇ ಆರಂಭ. ಅಲ್ಲಿ ಮಕ್ಕಳ ಮಾತು ಟೀಚರಿಗೆ ಅರ್ಥವಾಗುತ್ತಿತ್ತು, ಮನೆಭಾಷೆಗೆ ಅವಮಾನ ಇರಲಿಲ್ಲ, ತರಗತಿಯ ಎಲ್ಲರೂ ಸೊನ್ನೆಯಿಂದಲೇ ಹೊರಟಿದ್ದರು. ಈ ಮೂರೂ ಇಲ್ಲದೆ ಮಗುವನ್ನ ಪರಭಾಷೆಯೊಳಗೆ ತಳ್ಳಿದರೆ ಅದು ಹಗ್ಗವಿಲ್ಲದೆ ಬಾವಿಗೆ ತಳ್ಳಿದಂತೆ.

2019ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಮೂಲದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭವಾಯಿತು. ಪರ-ವಿರೋಧದ ಜಗಳ ಜೋರಾಗಿಯೇ ನಡೆಯಿತು. ಹಗ್ಗ ಹಿಡಿಯುವ ಟೀಚರ್ ತಯಾರಾಗಿದ್ದಾರಾ ಅನ್ನುವ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಇಟಲಿಯಲ್ಲಿ ಹಗ್ಗ ಹಿಡಿಯುವ ಸಂಸ್ಥೆಗಳಿವೆ. ಪೆರೂಜಾ ಮತ್ತು ಸಿಯೆನಾದಲ್ಲಿ ವಿದೇಶಿಯರಿಗಾಗಿಯೇ ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಮೊದಲು ಪರೀಕ್ಷೆ ಮಾಡಿ ಮಟ್ಟ ಗುರುತಿಸುತ್ತಾರೆ. ಪಾಠ ಇಟಾಲಿಯನ್‌ನಲ್ಲೇ ನಡೆದರೂ ಕಲಿಯುವವನ ಮಟ್ಟಕ್ಕೆ ಇಳಿಸಿ ಮಾತಾಡುತ್ತಾರೆ. ಪೆರೂಜಾದ ಚೆಲಿ, ಸಿಯೆನಾದ ಚಿಲ್ಸ್ ಪ್ರಮಾಣಪತ್ರಗಳಿಗೆ ದೇಶವಿಡೀ ಮಾನ್ಯತೆ ಇದೆ.

ಕನ್ನಡ ಮೀಡಿಯಂನವರಿಗೆ ಒಂದು ಮಾತು

ಇಟಾಲಿಯನ್ ತರಗತಿಯಲ್ಲಿ ಕಾನ್ವೆಂಟಿನವನೂ ಸೊನ್ನೆ, ಕನ್ನಡ ಮೀಡಿಯಂನವಳೂ ಸೊನ್ನೆ. ಕೆಲವು ವಿಷಯದಲ್ಲಂತೂ ಕನ್ನಡದ ಕಿವಿ ಒಂದು ಹೆಜ್ಜೆ ಮುಂದಿದೆ. ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಅವರ 'ತ' ನಮ್ಮ 'ತ'ವೇ, ಇಂಗ್ಲಿಷಿನ 'ಟ' ಅಲ್ಲ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಗೊತ್ತಿರುವವರಿಗೆ ನೊನೊ ಅಂದರೆ ಒಂಬತ್ತನೆಯದು, ನೊನ್ನೊ ಅಂದರೆ ಅಜ್ಜ ಅನ್ನುವುದು ಕಷ್ಟವಲ್ಲ. 'ಮಾತಾಡ್ತೀನಿ' ಅಂದಾಗ 'ನಾನು' ಬೇಕಿಲ್ಲ, 'ಪಾರ್ಲೊ' ಅಂದಾಗಲೂ ಬೇಕಿಲ್ಲ. ನೀನು-ನೀವು ಇದ್ದ ಹಾಗೆ ಅಲ್ಲಿ ತು-ಲೇಯಿ ಇದೆ. ಕಷ್ಟ ಇರುವುದು ಬೇರೆ ಕಡೆ: ಪುಸ್ತಕ ಗಂಡು, ಬಾಗಿಲು ಹೆಣ್ಣು, ಇದನ್ನ ಬಾಯಿಪಾಠವೇ ಮಾಡಬೇಕು.

ಈ ದಾರಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದವರೂ ಇದ್ದಾರೆ. 17ನೇ ಶತಮಾನದಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಮೈಸೂರು ಸೀಮೆಗೆ ಬಂದು, ಜನರ ನಡುವೆ ಇದ್ದು ಕನ್ನಡ ಕಲಿತು, ಕನ್ನಡದ ವ್ಯಾಕರಣವನ್ನೂ ಬರೆದರು. ಅವರ ಉದ್ದೇಶ ಮತಪ್ರಚಾರ, ಅದು ಬೇರೆ ಮಾತು. ಆದರೆ ಜನರ ಭಾಷೆ ಬಾರದೆ ಅವರ ನಡುವೆ ಏನೂ ನಡೆಯದು ಅನ್ನುವುದು ಅವರಿಗೆ ಗೊತ್ತಿತ್ತು.

ದುಡ್ಡು ಕಟ್ಟುವ ಮುಂಚೆ

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಪ್ರವೇಶಕ್ಕೆ ಮೊದಲಿನ ನೋಂದಣಿ ನಡೆಯುವುದು 'ಯೂನಿವರ್ಸಿಟಲಿ' ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ, ಅದನ್ನ ನೀನೇ ತುಂಬಬಹುದು. ಆಯಾ ಪ್ರಾಂತ್ಯದ ಸ್ಕಾಲರ್‌ಶಿಪ್ ಪ್ರಕಟಣೆಯನ್ನ ನೀನೇ ಓದು, ಏಜೆಂಟ್ ಬಾಯಲ್ಲಿ ಕೇಳಬೇಡ. ಸ್ಕಾಲರ್‌ಶಿಪ್ ಬರುವುದೇ ಇಲ್ಲ ಅಂದುಕೊಂಡು ಮೊದಲ ವರ್ಷದ ಲೆಕ್ಕ ಹಾಕು, ಆ ಲೆಕ್ಕ ಕೂಡದಿದ್ದರೆ ಜಮೀನು ಮುಟ್ಟಬೇಡ. ಹೊರಡುವ ಮುಂಚೆ ಆರು ತಿಂಗಳು ದಿನಕ್ಕೊಂದು ಗಂಟೆ ಕೂತು ಎ2 ಹತ್ತಿರಕ್ಕಾದರೂ ಹೋಗು. ಪರಿಶಿಷ್ಟ ಜಾತಿ, ಪಂಗಡದ ಗೆಳೆಯರಿದ್ದರೆ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ನೋಡಲು ಹೇಳು.

ಉಳಿದದ್ದು ನಾವು ಸರ್ಕಾರವನ್ನ ಕೇಳಬೇಕಾದ್ದು. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಹೇಮಗಂಗೋತ್ರಿಯಲ್ಲಿ ಈಗ ಹಾಸನ ವಿಶ್ವವಿದ್ಯಾಲಯವಿದೆ. ಸಂಜೆ ಹೊತ್ತು ಕಡಿಮೆ ಫೀಸಿನ ವಿದೇಶಿ ಭಾಷಾ ತರಗತಿ, ದಾಖಲೆಗಳ ಬಗ್ಗೆ ಉಚಿತ ಮಾರ್ಗದರ್ಶನ ಕೊಡಲು ಕಟ್ಟಡವನ್ನೇನೂ ಕಟ್ಟಬೇಕಿಲ್ಲ. ಅದು ಸಿಗದಿರುವ ಕಡೆಯೆಲ್ಲ ಏಜೆನ್ಸಿಯ ಬೋರ್ಡು ಏಳುತ್ತದೆ.

ತಮ್ಮ ಸದ್ಯಕ್ಕೆ ಎ1 ಪುಸ್ತಕ ಹಿಡಿದು ಕೂತಿದ್ದಾನೆ. ಹೊಗೆಸೊಪ್ಪಿನ ದುಡ್ಡು ಇನ್ನೂ ಚಿಕ್ಕಪ್ಪನ ಖಾತೆಯಲ್ಲೇ ಇದೆ.