ಅಜ್ಮೀರಿಗೋ, ಕವರತ್ತಿಗೋ? ಟಿಕೆಟಿಗೆ ಮೊದಲು ಮನೆಯಲ್ಲಿ ಮಾತಾಡಿ

ರಜೆ ಹತ್ತಿರ ಬಂತೆಂದರೆ ಮನೆಗಳಲ್ಲಿ ಒಂದೇ ಚರ್ಚೆ. ಬಾಪನಿಗೆ ದಿಲ್ಲಿ, ಅಜ್ಮೀರ್ ನೋಡುವ ಆಸೆ. ಮಕ್ಕಳು ಮೊಬೈಲಿನಲ್ಲಿ ಲಕ್ಷದ್ವೀಪದ ನೀಲಿ ನೀರು ತೋರಿಸಿ ಹಡಗು ಹತ್ತೋಣ ಎನ್ನುತ್ತಾರೆ. ಉಮ್ಮ ಮಾತ್ರ "ಎಲ್ಲಿಗಾದರೂ ಹೋಗಿ, ನನ್ನನ್ನೂ ಕರೆದುಕೊಂಡು ಹೋಗಿ" ಅಂತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ವ್ಯಾಪಾರ, ಮದ್ರಸ ಅಂತ ನೆಲೆಸಿದ ನಮ್ಮ ಕರಾವಳಿಯ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ತೂಕ ಉಂಟು. ಇರುವ ರಜೆಯಲ್ಲಿ ಊರಿಗೂ ಹೋಗಬೇಕು. ಹಾಗಾಗಿ ದೂರದ ಪ್ರವಾಸ ಹತ್ತು ವರ್ಷಕ್ಕೊಮ್ಮೆ ಆದರೆ ದೊಡ್ಡದು.

ಉತ್ತರದ ದಾರಿ

ವಾಡಿ ಜಂಕ್ಷನ್ ಹತ್ತಿರ ಇರುವುದು ಈ ಭಾಗದವರಿಗೆ ದೊಡ್ಡ ಅನುಕೂಲ. ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಹೋಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ಬಸ್ಸಿನಲ್ಲಿ ಕಲಬುರಗಿಗೆ ಬರಬೇಕು. ರೈಲಿನಲ್ಲಿ ಒಂದು ದಿನಕ್ಕೂ ಹೆಚ್ಚು ಕೂರಬೇಕು, ಅಜ್ಮೀರಿಗೆ ದಿಲ್ಲಿಯಿಂದ ಮತ್ತೊಂದು ರೈಲು.

ಆದರೆ ಈ ದಾರಿಗೆ ನಮ್ಮ ಕಲಬುರಗಿಯ ನಂಟಿದೆ. 1422ರಲ್ಲಿ ವಫಾತಾದ ಖಾಜಾ ಬಂದೇ ನವಾಜರು ದಿಲ್ಲಿಯಿಂದಲೇ ಇಲ್ಲಿಗೆ ಬಂದವರು. ಅವರ ಗುರು ನಸೀರುದ್ದೀನ್ ಚಿರಾಗ್ ದೆಹ್ಲವಿ. ಅವರ ಗುರು 1325ರಲ್ಲಿ ವಫಾತಾದ ನಿಜಾಮುದ್ದೀನ್ ಔಲಿಯಾ. ಆ ಸರಪಳಿ ಅಜ್ಮೀರಿನ ಖಾಜಾ ಮುಈನುದ್ದೀನ್ ಚಿಶ್ತಿಯವರಿಗೆ ಮುಟ್ಟುತ್ತದೆ. ಕಲಬುರಗಿಯ ದರ್ಗಾ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿಕೊಟ್ಟು ಕರೆದೊಯ್ದರೆ ಪ್ರವಾಸವೇ ಪಾಠವಾಗುತ್ತದೆ.

ನೆನಪಿಡಬೇಕಾದ್ದು: ಏಪ್ರಿಲ್, ಮೇ ತಿಂಗಳಲ್ಲಿ ದಿಲ್ಲಿ, ರಾಜಸ್ಥಾನದ ಬಿಸಿಲು ನಮ್ಮ ಶಹಾಬಾದಿಗಿಂತ ಕಡಿಮೆಯಿಲ್ಲ. ರಜಬ್ ತಿಂಗಳ ಆರಂಭದಲ್ಲಿ ಅಜ್ಮೀರಿನಲ್ಲಿ ಉರೂಸಿನ ಜನಸಾಗರ. ಆಗ್ರಾಕ್ಕೂ ಹೋಗುವುದಾದರೆ, ತಾಜ್‌ಮಹಲ್ ಶುಕ್ರವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ.

ಕಡಲಿನ ದಾರಿ

ಲಕ್ಷದ್ವೀಪ ನಮಗೆ ಅನ್ಯ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳ ಜನ 1787ರಲ್ಲಿ ಟಿಪ್ಪು ಸುಲ್ತಾನರ ಆಡಳಿತ ಒಪ್ಪಿಕೊಂಡರು. 1799ರ ನಂತರ ಕಂಪೆನಿ ಸರಕಾರ ಅವನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿತು. 1956ರಲ್ಲಿ ಕೇಂದ್ರಾಡಳಿತ ಬರುವ ತನಕ ಆ ದ್ವೀಪಗಳು ನಮ್ಮ ಜಿಲ್ಲೆಯದ್ದೇ. ಅಲ್ಲಿಯ ಹುರಿಹಗ್ಗ, ಕೊಬ್ಬರಿ ಮಂಗಳೂರು ಬಂದರಿಗೆ ಬರುತ್ತಿತ್ತು, ಅಕ್ಕಿ ಆ ಕಡೆ ಹೋಗುತ್ತಿತ್ತು. ಅವರೂ ನಮ್ಮಂತೆ ಶಾಫಿಈಗಳು. ಮಿನಿಕಾಯ್ ಬಿಟ್ಟು ಉಳಿದೆಡೆಯ ಜೆಸರಿ ಮಾತು ಬ್ಯಾರಿ ಬಲ್ಲವರ ಕಿವಿಗೆ ಹತ್ತಿರ. ಬಂಗಾರಂ ಬಿಟ್ಟರೆ ಎಲ್ಲಿಯೂ ಮದ್ಯವಿಲ್ಲ. ಊಟದ ಹಲಾಲ್ ಚಿಂತೆಯಿಲ್ಲ.

ವಾಡಿಯಿಂದ ಕನ್ಯಾಕುಮಾರಿ ರೈಲು ಹಿಡಿದರೆ ಎರ್ನಾಕುಳಂ. ಅಲ್ಲಿ ಕೊಚ್ಚಿ ಬಂದರಿನಿಂದ ಹಡಗು, ದ್ವೀಪ ಮುಟ್ಟಲು 14ರಿಂದ 18 ಗಂಟೆ. 'ಸಮುದ್ರಂ' ಎಂಬ ಸರಕಾರಿ ಪ್ಯಾಕೇಜ್ ಐದು ದಿನದ್ದು. ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆಯನ್ನು ಮಕ್ಕಳಿಗೆ ತಪ್ಪದೆ ತೋರಿಸಿ.

ಇಲ್ಲಿಯೂ ಕಷ್ಟವಿದೆ. ಪ್ರವೇಶ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ. ಮಳೆಗಾಲದಲ್ಲಿ ಕಡಲು ಬಿಡುವುದಿಲ್ಲ. ಅಕ್ಟೋಬರಿನಿಂದ ಮೇ ಮಧ್ಯದ ತನಕವೇ ಕಾಲ, ಅಂದರೆ ದಸರಾ ರಜೆ ಒಳ್ಳೆಯದು. ಹಡಗು ಹೊರಡುವ ದಿನ ಖಾತ್ರಿಯಾದ ಮೇಲೆಯೇ ರೈಲು ಟಿಕೆಟ್ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಹಡಗು ಹವಳದ ದಿಬ್ಬದ ಹೊರಗೆ ನಿಲ್ಲುತ್ತದೆ. ಅಲೆಯಲ್ಲಿ ಅಲ್ಲಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮೊಣಕಾಲು ನೋವಿನ ಉಮ್ಮನಿಗೆ ಇದು ಸುಲಭವಲ್ಲ.

ನಮಾಝಿನ ಮಾತು

ಈ ಕಡೆಯ ಮಸೀದಿಗಳಲ್ಲಿ ಹೆಚ್ಚಿನವರು ಹನಫಿಗಳಾದ್ದರಿಂದ ನಮ್ಮ ಮಕ್ಕಳಿಗೆ ಗೊಂದಲ ಬರುವುದುಂಟು. ಶಾಫಿಈ ಮದ್‌ಹಬಿನಲ್ಲಿ ದೂರದ ಪ್ರಯಾಣದಲ್ಲಿ ಲುಹರ್, ಅಸರ್, ಇಶಾ ಎರಡೆರಡು ರಕಅತ್ ಮಾಡಬಹುದು. ಲುಹರ್-ಅಸರ್, ಮಗ್ರಿಬ್-ಇಶಾ ಜಂಅ್ ಕೂಡ ಮಾಡಬಹುದು. ಹಡಗಿನಲ್ಲಿ ಫರ್ಳ್ ನಮಾಝನ್ನು ಕಿಬ್ಲಾಕ್ಕೆ ಮುಖ ಮಾಡಿಯೇ ನಿರ್ವಹಿಸಬೇಕು, ಹಡಗು ತಿರುಗಿದರೆ ನಾವೂ ತಿರುಗಬೇಕು. ತಲೆ ಸುತ್ತಿ ನಿಲ್ಲಲಾಗದವರು ಕೂತು ಮಾಡಬಹುದು. ಹೊರಡುವ ಮೊದಲು ನಿಮ್ಮ ಉಸ್ತಾದರಲ್ಲಿ ಒಮ್ಮೆ ಕೇಳಿಕೊಳ್ಳಿ.

ಯಾವುದು ಮೊದಲು?

ನಮ್ಮ ಅಭಿಪ್ರಾಯ ಇಷ್ಟೇ. ಮನೆಯಲ್ಲಿ ಹಿರಿಯರಿದ್ದರೆ, ಅವರ ಕಾಲು ಇನ್ನೂ ನಡೆಯುತ್ತಿದ್ದರೆ, ಈ ಸಲ ಅವರ ಆಸೆಯ ಊರಿಗೇ ಹೋಗಿ. ದೋಣಿ ಹತ್ತಲಾಗದವರಿಗೆ ರೈಲಿನ ಕೆಳ ಬರ್ತ್, ಚಳಿ ಶುರುವಾಗುವ ನವೆಂಬರ್ ತಿಂಗಳು ಅನುಕೂಲ. ಮಕ್ಕಳ ಮುಂದೆ ಕಡಲು ನೋಡಲು ಇನ್ನೂ ಎಷ್ಟೋ ರಜೆಗಳಿವೆ, ಉಮ್ಮ ಬಾಪನ ಮುಂದೆ ಅಷ್ಟಿಲ್ಲ. ಹಿರಿಯರು ಗಟ್ಟಿಮುಟ್ಟಾಗಿದ್ದರೆ ಮಾತ್ರ ಹಡಗು ಹತ್ತಿ. ನಮ್ಮ ಕಡಲಾಚೆಯ ನೆಂಟರನ್ನು ಮಕ್ಕಳಿಗೆ ಪರಿಚಯಿಸಿದ ಹಾಗಾಗುತ್ತದೆ.

ಬಡ್ಡಿ ಸಾಲ ಮಾಡಿ, ಸಂಬಂಧಿಕರಿಗೆ ಫೋಟೋ ತೋರಿಸಲು ಹೋಗುವುದಾದರೆ ಎರಡೂ ಬೇಡ. ಇದ್ದ ದುಡ್ಡಿನಲ್ಲಿ ಊರಿಗೆ ಹೋಗಿ ಉಳ್ಳಾಲದ ಕಡಲತೀರದಲ್ಲಿ ಹಿರಿಯರ ಜೊತೆ ಒಂದು ಸಂಜೆ ಕೂತರೂ ಸಾಕು. ಹೊರಡುವವರ ಪ್ರಯಾಣವನ್ನು ಅಲ್ಲಾಹನು ಸಲಾಮತ್ ಮಾಡಲಿ, ಆಮೀನ್.